ಭತ್ತದ ರೇಟ್ ಬಿತ್ತು, ಊಟದ ರೇಟ್ ಯಾಕೆ ಬೀಳಲಿಲ್ಲ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ ಸರ್. ಬೆಳಿಗ್ಗೆ ಒಗ್ಗರಣಿ-ಮಿರ್ಚಿ, ಮಧ್ಯಾಹ್ನ ಊಟ. ಹಳ್ಳಿಯಲ್ಲಿ ನಾಲ್ಕು ಎಕರೆ ಗದ್ದೆಯೂ ಇದೆ. 2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಕಾಲು ಪರ್ಸೆಂಟ್‌ಗೆ ಇಳಿಯಿತು ಅಂತ ಟಿವಿಯಲ್ಲಿ ಹೇಳಿದರು. ನನಗೆ ಎಣ್ಣೆ ಡಬ್ಬಿ ಇಳಿಯಲಿಲ್ಲ, ಆಳಿನ ಕೂಲಿ ಇಳಿಯಲಿಲ್ಲ. ಇಳಿದದ್ದು ನಾನು ಬೆಳೆದ ಭತ್ತ ಒಂದೇ. ಹಿಂದಿನ ವರ್ಷ ಚೀಲಕ್ಕೆ 2,200ಕ್ಕೆ ಕೊಟ್ಟಿದ್ದೆ, ಈಗ 1,800ಕ್ಕೆ ಕೇಳುತ್ತಿದ್ದಾರೆ. ಗಿರಾಕಿಗಳು ಮಾತ್ರ 'ಭತ್ತ ಇಳಿದೈತಲ್ಲ, ಊಟದ ರೇಟ್ ಇಳಸ್ರಿ' ಅಂತಾರೆ. ಈ ರೇಟೆಲ್ಲ ಮಾಡೋರು ಯಾರು? ಮನೆಯಲ್ಲಿರುವ 40 ಚೀಲ ಈಗ ಮಾರಲೇ, ಇಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಇಬ್ಬರಿದ್ದಾರೆ. ಒಬ್ಬರು ಭತ್ತ ಮಾರುವವರು. ಅವರಿಗೆ ರೇಟನ್ನು ಬೇರೆಯವರು ಹೇಳುತ್ತಾರೆ. ಒಪ್ಪಿದರೆ ಕೊಡಬೇಕು, ಇಲ್ಲದಿದ್ದರೆ ಚೀಲ ವಾಪಸ್ ಹೇರಿಕೊಂಡು ಬರಬೇಕು. ಇನ್ನೊಬ್ಬರು ಊಟ ಮಾರುವವರು. ಅವರು ಗೋಡೆಯ ಬೋರ್ಡ್ ಮೇಲೆ ತಾವೇ ರೇಟ್ ಬರೆಯುತ್ತಾರೆ. ಇಬ್ಬರೂ ನೀವೇ ಅಲ್ವಾ? ರೇಟ್ ಮಾಡೋರು ಯಾರು ಅಂತ ಕೇಳಿದಿರಿ. ಭತ್ತದ್ದನ್ನು ನೀವು ಮಾಡುವುದಿಲ್ಲ, ಊಟದ್ದನ್ನು ನೀವೇ ಮಾಡುತ್ತೀರಿ. ಎರಡೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಇದನ್ನು ಮೊದಲೇ ಗಮನಿಸಿ ಬರೆದವರಲ್ಲಿ ಪೋಲೆಂಡಿನ ಅರ್ಥಶಾಸ್ತ್ರಜ್ಞ ಕಲೆಟ್ಸ್ಕಿ ಒಬ್ಬರು. ಹೊಲದಿಂದ, ಗಣಿಯಿಂದ ಬರುವ ಮಾಲಿನ ಬೆಲೆ ಬೇಡಿಕೆ-ಪೂರೈಕೆಯ ಜಗ್ಗಾಟದಲ್ಲಿ ದಿನದಿನಕ್ಕೂ ಏರಿಳಿಯುತ್ತದೆ. ಕೈಕೆಲಸ ಸೇರಿ ತಯಾರಾದ ಮಾಲಿನ ಬೆಲೆ ಹಾಗಲ್ಲ. ಮಾಡುವವನು ಖರ್ಚು ಕೂಡಿಸುತ್ತಾನೆ, ಮೇಲೊಂದಿಷ್ಟು ಲಾಭ ಇಡುತ್ತಾನೆ, ರೇಟ್ ಬರೆಯುತ್ತಾನೆ. ಆಮೇಲೆ ಸುಮ್ನೆ ಅದನ್ನು ಮುಟ್ಟುವುದಿಲ್ಲ. ನಿಮ್ಮ ಗದ್ದೆ ಮೊದಲ ಜಾತಿ, ನಿಮ್ಮ ಒಲೆ ಎರಡನೆಯದು.

ಈಗ ಆ ಕಾಲು ಪರ್ಸೆಂಟ್ ಲೆಕ್ಕಕ್ಕೆ ಬರೋಣ. 2025ರ ಅಕ್ಟೋಬರ್‌ನ ಅಂಕಿ 0.25. 2012ರ ಬೆಲೆಯನ್ನು 100 ಅಂತ ಹಿಡಿದು ಲೆಕ್ಕ ಹಾಕಿದ ಆ ಬೆಲೆ ಸರಣಿಯಲ್ಲೇ ಅತಿ ಕಡಿಮೆ. ಸುಳ್ಳಲ್ಲ. ಆದರೆ ಅದು ಬೆಲೆಯಲ್ಲ, ಬೆಲೆ ಏರಿದ ವೇಗ, ಅದೂ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಹಿಂದಿನ ವರ್ಷದ ಅಕ್ಟೋಬರ್ ಹೇಗಿತ್ತು? 6.21. ಅಂದರೆ 2023ರ ಅಕ್ಟೋಬರ್‌ನಲ್ಲಿ 100 ರೂಪಾಯಿಗೆ ಬರುತ್ತಿದ್ದ ಚೀಲದ ತುಂಬ ಸಾಮಾನು ಮರುವರ್ಷ 106 ರೂಪಾಯಿ 21 ಪೈಸೆ ಆಯ್ತು. ಅದರ ಮರುವರ್ಷ ಇನ್ನೊಂದು 27 ಪೈಸೆ ಏರಿ 106.48ಕ್ಕೆ ನಿಂತಿತು. ಹಣದುಬ್ಬರ ನೆಲ ಕಚ್ಚಿತು ಅಂತ ಟಿವಿಯವರು ಅಂದರಲ್ಲ, ಆ ದಿನವೂ ಹಳೆಯ ಆರು ರೂಪಾಯಿ ವಾಪಸ್ ಬಂದಿರಲಿಲ್ಲ.

ತರಕಾರಿಯದ್ದು ನೋಡಿದರೆ ಇನ್ನೂ ಮಜಾ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಶೇ 42ರಷ್ಟು ಏರಿತ್ತು. ಮರುವರ್ಷ ಶೇ 27ಕ್ಕೂ ಜಾಸ್ತಿ ಇಳಿಯಿತು. 100 ಇದ್ದದ್ದು 142 ಆಗಿ, ಮತ್ತೆ 103ರ ಹತ್ತಿರ ಬಂತು. ಏರಿದ್ದು 42, ಇಳಿದದ್ದು 27, ಆದರೂ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂತು. 27 ಪರ್ಸೆಂಟ್ ಇಳಿದದ್ದು 142ರ ಮೇಲೆ, ಅದಕ್ಕೆ ಹಾಗೆ. ಅದೇ ತಿಂಗಳು ಎಣ್ಣೆ-ಕೊಬ್ಬಿನ ಪದಾರ್ಥಗಳು ಶೇ 11ರ ಆಸುಪಾಸು ಏರಿದ್ದವು. ಇವೆಲ್ಲ ಕೂಡಿಸಿ ಕಳೆದು ಸರಾಸರಿ ತೆಗೆದರೆ ಕಾಲು ಪರ್ಸೆಂಟ್. ತರಕಾರಿಯೇ ಜಾಸ್ತಿ ತಿನ್ನುವ ಮನೆಗೆ ಅದು ಒಳ್ಳೆ ತಿಂಗಳು. ದಿನಾ ಕಡಾಯಿ ತುಂಬ ಎಣ್ಣೆ ಸುರಿಯುವ ನಿಮಗೆ ಅಲ್ಲ.

ಆ ಸರಾಸರಿ ನಿಮ್ಮ ಅಂಗಡಿಯದ್ದೂ ಅಲ್ಲ, ಅದನ್ನೂ ನೆನಪಿಡಿ. ಆ ಸರಣಿಗೆ 1,181 ಹಳ್ಳಿಗಳಿಂದ, 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಪ್ರತಿ ತಿಂಗಳು ದರ ಬರೆದುಕೊಂಡು ಬರುತ್ತಿದ್ದರು. ಬುಟ್ಟಿ, ಅಂದರೆ ಯಾವ ಯಾವ ಸಾಮಾನಿನ ದರ ಕೂಡಿಸಬೇಕು ಅನ್ನುವ ಪಟ್ಟಿ, ಮಾತ್ರ ಮನೆಯವರದ್ದು. ತಿನ್ನುವ, ಕುಡಿಯುವ ಸಾಮಾನಿಗೆ ಅದರಲ್ಲಿ ಶೇ 45.86ರ ಪಾಲು. ಅದರೊಳಗೆ ಅಕ್ಕಿ, ಗೋಧಿಯಂಥ ಕಾಳಿಗೆ ಶೇ 9.67. ಮನೆಯ ಸಿಲಿಂಡರ್ ಬುಟ್ಟಿಯಲ್ಲಿದೆ. ನೀವು ಉರಿಸುವ 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಇಲ್ಲ. ನಿಮ್ಮ ಅಡುಗೆಯವನ ಪಗಾರವೂ ಇಲ್ಲ. ನಿಮ್ಮ ಬೋರ್ಡಿನ ಮೇಲಿನ ರೇಟ್ ಏರಿದಾಗ ಅದೆಲ್ಲ ಹೋಟೆಲ್ ಊಟದ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತದೆ, ಅಷ್ಟೇ.

ಇದರ ಮೇಲೆ ಮನಸ್ಸಿನದ್ದೂ ಒಂದು ಆಟ ಇದೆ. ರಿಸರ್ವ್ ಬ್ಯಾಂಕ್ ದೊಡ್ಡ ಊರುಗಳ ಮನೆಗಳಿಗೆ ಹೋಗಿ 'ಈಗ ಬೆಲೆ ಎಷ್ಟು ಏರುತ್ತಿದೆ ಅನ್ನಿಸುತ್ತದೆ' ಎಂದು ಕೇಳುತ್ತದೆ. ಜನ ಹೇಳುವ ಅಂಕಿ ಸರ್ಕಾರಿ ಅಂಕಿಗಿಂತ ಯಾವಾಗಲೂ ಎನ್ನುವಷ್ಟು ಮೇಲೆಯೇ ಇರುತ್ತದೆ. ಯಾಕೆ ಹೀಗೆ ಅಂತ ಅಮೆರಿಕದ ಮನೆಗಳ ಖರೀದಿ ಲೆಕ್ಕ ಹಿಡಿದು ನೋಡಿದ ಒಂದು ಅಧ್ಯಯನ 2021ರಲ್ಲಿ ಬಂತು. ಪದೇಪದೇ ಕೊಳ್ಳುವ ಸಾಮಾನಿನ ಬೆಲೆಯಿಂದಲೇ ಜನ ಒಟ್ಟು ಬೆಲೆ ಅಳೆಯುತ್ತಾರೆ, ಅದರಲ್ಲೂ ಏರಿದ್ದನ್ನೇ ಹೆಚ್ಚು ನೆನಪಿಡುತ್ತಾರೆ ಎಂಬುದು ಅದರ ತಿರುಳು. ಟೊಮೆಟೊ 2023ರ ಜುಲೈನಲ್ಲಿ ಗಗನಕ್ಕೇರಿ ಹಣದುಬ್ಬರವನ್ನು 7.44ಕ್ಕೆ ಎಳೆದದ್ದು ಎಲ್ಲರಿಗೂ ನೆನಪಿದೆ. ಅದು ಇಳಿದದ್ದು ಯಾವ ತಿಂಗಳು ಅಂತ ಕೇಳಿ ನೋಡಿ, ಯಾರೂ ಹೇಳುವುದಿಲ್ಲ.

ಭತ್ತಕ್ಕೆ ಬರೋಣ. ಗಂಗಾವತಿಯಲ್ಲಾಗಲಿ ಸಿಂಧನೂರಿನಲ್ಲಾಗಲಿ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಬೆಳಿಗ್ಗೆ ಕಳೆದರೆ ಬೆಲೆ ಹುಟ್ಟುವುದನ್ನು ಕಣ್ಣಾರೆ ನೋಡಬಹುದು. ಖರೀದಿದಾರ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕುತ್ತಾನೆ. ಮೇಲಿನ ಭತ್ತ ಒಣಗಿರುತ್ತದೆ, ಒಳಗಿನದು ಹಸಿ ಇರಬಹುದಲ್ಲ. ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ಹೊಟ್ಟು ಊದುತ್ತಾನೆ. ಒಂದು ಕಾಳು ಹಲ್ಲಲ್ಲಿ ಕಚ್ಚುತ್ತಾನೆ. ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ತೇವ ಇದೆ. ಎಷ್ಟು ಕಾಳು ಮುರಿಯುತ್ತದೆ, ನುಚ್ಚು ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ಅಷ್ಟರಲ್ಲಿ ತಲೆಯೊಳಗೆ ಮುಗಿದಿರುತ್ತದೆ. ಆಮೇಲೆ ಟೆಂಡರ್.

ಆ ಟೆಂಡರ್ ಹೇಗೆ ನಡೆಯುತ್ತದೆ ಅನ್ನುವುದೂ ಬೆಲೆಯನ್ನು ಬದಲಿಸುತ್ತದೆ. 2014ರಿಂದ ನಮ್ಮ ರಾಜ್ಯ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಜಾಲಕ್ಕೆ ಸೇರಿಸುತ್ತ ಬಂತು. ಅದರ ಪರಿಣಾಮವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅಳೆದರು. ಅವರ ಪ್ರಬಂಧ 2020ರಲ್ಲಿ ಬಂತು. ಭತ್ತದ ದರ ಶೇ 5.1, ಶೇಂಗಾ ಶೇ 3.6, ಗೋವಿನಜೋಳ ಶೇ 3.5 ಏರಿದ್ದು ಕಂಡಿತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ರಾಯಚೂರಿನ ಹತ್ತಿ ಬೆಳೆಗಾರರು ಇದನ್ನು ಓದಿ ನಕ್ಕರೆ ನನಗೇನೂ ಆಶ್ಚರ್ಯವಿಲ್ಲ. ಕೇರಳದ ಮೀನುಗಾರರ ಕೈಗೆ ಮೊಬೈಲ್ ಬಂದಾಗಲೂ ಇಂಥದ್ದೇ ಆಗಿತ್ತು. ಯಾವ ದಡದಲ್ಲಿ ಎಷ್ಟು ರೇಟ್ ಅಂತ ದೋಣಿಯಿಂದಲೇ ಕೇಳತೊಡಗಿದರು. ಅವರ ಲಾಭ ಸರಾಸರಿ ಶೇ 8 ಹೆಚ್ಚಿತು, ಮೀನು ಕೊಳ್ಳುವವರಿಗೆ ಬೆಲೆ ಶೇ 4 ಇಳಿಯಿತು. ಅದನ್ನು ಲೆಕ್ಕ ಹಾಕಿ ತೋರಿಸಿದವರು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್, 2007ರಲ್ಲಿ.

ಹಾಗಾದರೆ ನಿಮ್ಮ 2,200 ಯಾಕೆ 1,800 ಆಯ್ತು? ಯಾರ್ಡ್‌ನಲ್ಲಿ ಕಾಳು ಕಚ್ಚಿದವನೊಬ್ಬನೇ ಅದನ್ನು ಮಾಡಲಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್ ಕೊನೆಗೆ ಆ ತಡೆ ತೆಗೆಯಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ನಮ್ಮ ದೇಶದ್ದು. ನಾವು ಬಾಗಿಲು ಹಾಕಿದಾಗ ಹೊರಗೆ ಬೆಲೆ ಏರಿತ್ತು. ಬಾಗಿಲು ತೆಗೆದ ಮೇಲೆ, ಬೆಳೆಯೂ ಭರ್ಜರಿ ಬಂದು, 2025ರಲ್ಲಿ ವಿಶ್ವದ ಅಕ್ಕಿ ಬೆಲೆ ಹಲವು ವರ್ಷಗಳ ಕೆಳಮಟ್ಟಕ್ಕೆ ಬಂತು. ಕಾರಟಗಿಯ ರೈಸ್‌ಮಿಲ್ಲಿನವರ ಫೋನಿಗೆ ಈ ಸುದ್ದಿ ನಮಗಿಂತ ಮೊದಲು ಬರುತ್ತದೆ.

ನಿಮ್ಮ ಎಣ್ಣೆಯದ್ದೂ ಇದೇ ಕಥೆ, ದಿಕ್ಕು ಮಾತ್ರ ಬೇರೆ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಬರುವುದಕ್ಕೆ ತಡೆ ಬಿತ್ತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಮೂರು ವಾರಕ್ಕೂ ಹೆಚ್ಚು ಕಾಲ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು. ಗಂಗಾವತಿಯ ಮಿರ್ಚಿ ಬಂಡಿಗೂ ಜಕಾರ್ತಕ್ಕೂ ಏನು ಸಂಬಂಧ ಅಂತ ಕೇಳಿದವರಿಗೆ ಆ ವರ್ಷ 15 ಕಿಲೋ ಡಬ್ಬಿಯೇ ಉತ್ತರ ಹೇಳಿತು. ಆಮೇಲೆ ಎಣ್ಣೆ ಇಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರವೇ ಆಮದು ಸುಂಕ ಏರಿಸಿತು, ಮತ್ತೆ ಏರಿತು. ನಮ್ಮಲ್ಲಿ ಎಣ್ಣೆಕಾಳು ಬೆಳೆಯುವವರಿಗೆ ಅದರಿಂದ ಅನುಕೂಲ. ಕಡಾಯಿ ಇಟ್ಟವರಿಗೆ ತೊಂದರೆ.

ಈಗ ಮುಖ್ಯ ಲೆಕ್ಕ. ಪೆನ್ನು ತೆಗೆದುಕೊಳ್ಳಿ. 75 ಕಿಲೋ ಭತ್ತದ ಚೀಲಕ್ಕೆ ಶೇ 67ರಂತೆ ಸುಮಾರು 50 ಕಿಲೋ ಅಕ್ಕಿ ಅಂತ ಹಿಡಿಯಿರಿ. ತೌಡು, ಹೊಟ್ಟು, ನುಚ್ಚಿನ ದುಡ್ಡು ಮಿಲ್ಲಿನ ಖರ್ಚಿಗೆ ಸರಿಹೋಯಿತು ಅಂದುಕೊಳ್ಳೋಣ. 2,200 ಇದ್ದಾಗ ಅಕ್ಕಿಯ ಅಸಲು ಕಿಲೋಗೆ 44 ರೂಪಾಯಿ. 1,800 ಆದಾಗ 36. ಎಂಟು ರೂಪಾಯಿ ಫರಕು. ಒಂದು ಊಟಕ್ಕೆ ನೀವು 150 ಗ್ರಾಂ ಅಕ್ಕಿ ಹಾಕಿದರೆ ತಟ್ಟೆಯಲ್ಲಿ ಉಳಿಯುವುದು 1 ರೂಪಾಯಿ 20 ಪೈಸೆ. ರೈತನಿಗೆ ಒಂದು ಚೀಲಕ್ಕೆ 400 ರೂಪಾಯಿಯ ಹೊಡೆತ, ಊಟ ಮಾಡುವವನಿಗೆ ಸವ್ವಾ ರೂಪಾಯಿಯ ಲಾಭ. ಅದನ್ನೂ ಕೊಡೋಣ ಅಂದರೆ ಚಿಲ್ಲರೆ ಎಲ್ಲಿದೆ?

ಅದೂ ಹೊಸ ಅಕ್ಕಿ ಹಾಕಿದರೆ. ನೀವು ಹೊಸ ಸೋನಾ ಮಸೂರಿ ಹಾಕುತ್ತೀರಾ? ಅನ್ನ ಮುದ್ದೆಯಾದರೆ ಗಿರಾಕಿ ನಾಳೆ ಬರುವುದಿಲ್ಲ. ಹಳೆ ಅಕ್ಕಿಯೇ ಬೇಕು. ಹಳೆ ಅಕ್ಕಿ ಅಂದರೆ ಹಿಂದಿನ ಹಂಗಾಮಿನ ಭತ್ತ, ಅಂದಿನ ರೇಟಿಗೆ ಕೊಂಡದ್ದು, ಗೋದಾಮಿನಲ್ಲಿ ಬಡ್ಡಿ ತಿಂದದ್ದು. ಅಂದರೆ ಈಗ ನಿಮ್ಮ ಪಾತ್ರೆಯಲ್ಲಿ ಬೇಯುತ್ತಿರುವುದು 2,200ರ ಭತ್ತ. ಕಿರಾಣಿ ಅಂಗಡಿಯ ರೇಟ್ ಯಾರ್ಡ್ ರೇಟಿನ ಹಿಂದೆ ಆರು ತಿಂಗಳು, ವರ್ಷ ತಡವಾಗಿ ಬರುವುದಕ್ಕೆ ನಮ್ಮ ಸೀಮೆಯಲ್ಲಿ ಇದೊಂದು ದೊಡ್ಡ ಕಾರಣ. ವಿದೇಶದ ಪ್ರಬಂಧಗಳಲ್ಲಿ ಇದು ಸಿಗುವುದಿಲ್ಲ, ಅವರಿಗೆ ಹಳೆ ಅಕ್ಕಿಯ ರುಚಿ ಗೊತ್ತಿಲ್ಲವಲ್ಲ.

ಹಾಗಂತ ಗಿರಾಕಿಗಳ ಗುಮಾನಿಯಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಬೆಲೆ ಏರುವಾಗ ಓಡುತ್ತದೆ, ಇಳಿಯುವಾಗ ಕುಂಟುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 2000ದಲ್ಲಿ 77 ಗೃಹಬಳಕೆ ಸಾಮಾನು, 165 ಕೈಗಾರಿಕಾ ಸಾಮಾನುಗಳ ಬೆಲೆ ಹರಡಿ ನೋಡಿದರು. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಕಡೆ ಇದೇ ಕಥೆ. ಖರ್ಚು ಏರಿದರೆ ಬೆಲೆ ಬೇಗ ಏರುತ್ತದೆ, ಖರ್ಚು ಇಳಿದರೆ ನಿಧಾನಕ್ಕೆ ಇಳಿಯುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಮಾತು. ಇದು ನಾಲ್ಕೇ ಕಂಪನಿ ಇರುವ ಕಡೆ ಮಾತ್ರವಲ್ಲ, ನೂರಾರು ಸಣ್ಣವರು ಪೈಪೋಟಿ ಮಾಡುವ ಕಡೆಯೂ ಹಾಗೇ ಇತ್ತು. 'ಎಲ್ಲ ವ್ಯಾಪಾರಿಗಳ ಒಳಒಪ್ಪಂದ' ಅಂತ ಒಂದೇ ಮಾತಲ್ಲಿ ಮುಗಿಸಲು ಆಗುವುದಿಲ್ಲ.

ಮತ್ತೆ ಯಾಕೆ? ನಿಮ್ಮನ್ನೇ ಕೇಳುತ್ತೇನೆ. ಕೊನೆಯ ಸಲ ಬೋರ್ಡ್ ಒರೆಸಿ ರೇಟ್ ಬರೆದದ್ದು ಯಾವಾಗ? ಎಣ್ಣೆ ಏರಿದ ಮರುದಿನವೇ ಬರೆದಿರಾ? ಇಲ್ಲ ಅಂತ ನನ್ನ ಊಹೆ. ಪಕ್ಕದ ಖಾನಾವಳಿಯವರು ಮೊದಲು ಏರಿಸಲಿ ಅಂತ ಕಾದಿರುತ್ತೀರಿ. ಅಲ್ಲಿಯವರೆಗೆ ಮಿರ್ಚಿ ಒಂದು ಬೆರಳು ಗಿಡ್ಡ ಆಗಿರುತ್ತದೆ, ಚಟ್ನಿ ತೆಳ್ಳಗೆ ಆಗಿರುತ್ತದೆ. ಅಲನ್ ಬ್ಲೈಂಡರ್ ಎಂಬ ಅರ್ಥಶಾಸ್ತ್ರಜ್ಞ 1990ರ ದಶಕದಲ್ಲಿ ಸೂತ್ರಗಳನ್ನು ಬದಿಗಿಟ್ಟು ಸುಮಾರು 200 ಕಂಪನಿಗಳವರನ್ನು ನೇರವಾಗಿ ಕೇಳಿಸಿದರು: ರೇಟ್ ಯಾಕೆ ಬದಲಿಸುವುದಿಲ್ಲ? ಹತ್ತಿರಹತ್ತಿರ ಅರ್ಧದಷ್ಟು ಕಂಪನಿಗಳು ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಸಲ ಬದಲಿಸುತ್ತಿದ್ದವು. ಹೆಚ್ಚು ಜನ ಒಪ್ಪಿದ ಕಾರಣ ನಿಮ್ಮದೇ. ಉಳಿದವರು ಮೊದಲು ಮುಟ್ಟಲಿ, ಆಮೇಲೆ ನಾವು.

ಕೋಕಾ-ಕೋಲಾ ಅಮೆರಿಕದಲ್ಲಿ 1886ರಿಂದ 1950ರ ದಶಕದವರೆಗೂ ಐದು ಸೆಂಟಿಗೇ ಮಾರಾಟವಾಯಿತು. ಬಾಟಲಿ ಕೊಡುವ ಯಂತ್ರಕ್ಕೆ ಒಂದೇ ನಾಣ್ಯ ಹಾಕಬೇಕಿತ್ತು ಅನ್ನುವುದು ಅದಕ್ಕೆ ಒಂದು ಕಾರಣ. ನಮ್ಮ ಐದು ರೂಪಾಯಿ ಬಿಸ್ಕತ್ ಪುಡಿಕೆ ನೋಡಿ, ರೇಟ್ ಅಲ್ಲೇ ಇದೆ, ಒಳಗಿನ ಬಿಸ್ಕತ್ ಕರಗುತ್ತಿವೆ. ಇನ್ನೊಂದು ತಮಾಷೆ ನಿಮಗೂ ಗೊತ್ತಿರುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ನೋಡನೋಡುತ್ತಲೇ ಅಂಗಡಿಯಲ್ಲಿ 26 ಕಿಲೋ ಚೀಲ ಬಂದು ಕೂತಿತು. ತೆರಿಗೆಯ ಗೆರೆ ಎಲ್ಲಿ ಎಳೆದರೂ ಅದರಾಚೆ ಒಂದು ಕಿಲೋ ದೂರದಲ್ಲಿ ನಮ್ಮ ವ್ಯಾಪಾರ ನಿಂತಿರುತ್ತದೆ.

ಗಿರಾಕಿಯ ನ್ಯಾಯದ ಲೆಕ್ಕವೂ ಇದರಲ್ಲಿ ಇದೆ. 1986ರಲ್ಲಿ ಕಾನೆಮನ್, ಕ್ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ಸೇರಿ ಕೆನಡಾದ ಜನರಿಗೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು. ಹಿಮ ಬಿದ್ದ ಮರುದಿನ ಅಂಗಡಿಯವನು 15 ಡಾಲರಿನ ಸಲಿಕೆಯನ್ನು 20 ಡಾಲರ್ ಮಾಡಿದರೆ ಸರಿಯೇ? ಶೇ 82ರಷ್ಟು ಜನ ಅದು ಅನ್ಯಾಯ ಅಂದರು. ಆದರೆ ಅಂಗಡಿಯವನಿಗೇ ಖರ್ಚು ಜಾಸ್ತಿಯಾಗಿ ಏರಿಸಿದರೆ ಜನ ಒಪ್ಪುತ್ತಾರೆ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡಿತು. 'ಗ್ಯಾಸ್, ಎಣ್ಣೆ ದರ ಏರಿಕೆಯಿಂದ' ಅಂತ ಹೋಟೆಲಿನವರೆಲ್ಲ ಗೋಡೆಗೆ ಚೀಟಿ ಅಂಟಿಸುವುದು ಇದಕ್ಕೇ. ಯಾವ ಪ್ರಬಂಧ ಓದದೆಯೂ ಅವರಿಗೆ ಅದು ಗೊತ್ತು. ಜಾತ್ರೆಯ ದಿನ ಗದ್ದಲ ಇದೆ ಅಂತ ಮಿರ್ಚಿ ರೇಟ್ ಎರಡು ಪಟ್ಟು ಮಾಡಿದರೆ ವರ್ಷವಿಡೀ ಮಾತು ಕೇಳಬೇಕು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಂತೂ ದಾಸೋಹದಲ್ಲಿ ಮಿರ್ಚಿ ಪುಕ್ಕಟೆ, ಅಲ್ಲಿ ಪೈಪೋಟಿ ಮಾಡುವುದು ಬೇಡವೇ ಬೇಡ!

ಆದರೆ ಚೀಟಿ ಅಂಟಿಸಿದವರು ಒಂದು ಮಾತು ಒಪ್ಪಬೇಕು. ಎಣ್ಣೆ ಏರಿದ್ದಕ್ಕೆ ಏರಿಸಿದ್ದು ಅಂದರೆ, ಎಣ್ಣೆ ಇಳಿದಾಗ ಗಿರಾಕಿ ಕೇಳುವುದು ನ್ಯಾಯವೇ. ನಿಮ್ಮ ಉತ್ತರ ಪ್ರಾಮಾಣಿಕವಾಗಿರಬೇಕೆಂದರೆ ಕೂಲಿಯ ಲೆಕ್ಕ ತೋರಿಸಿ. ಉದ್ಯೋಗ ಖಾತ್ರಿ ಕೂಲಿ ನಮ್ಮ ರಾಜ್ಯದಲ್ಲಿ 2024-25ರಲ್ಲಿ ದಿನಕ್ಕೆ 349 ಇತ್ತು, 2025-26ಕ್ಕೆ 370 ಆಯ್ತು. ನಾಟಿ ಹಂಗಾಮಿನಲ್ಲಿ ನಮ್ಮ ಕಡೆ ಅಷ್ಟಕ್ಕೆ ಆಳು ಸಿಗುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಒಮ್ಮೆ ಏರಿದ ಪಗಾರ ಇಳಿಸಿದವರನ್ನು ನಾನು ಕಂಡಿಲ್ಲ. ಇಳಿಸಿದರೆ ಅಡುಗೆಯವನು ಎದುರಿನ ಖಾನಾವಳಿಯಲ್ಲಿರುತ್ತಾನೆ.

ನೋಟು ಜಾಸ್ತಿ ಹೊಡೆದದ್ದೇ ಎಲ್ಲಕ್ಕೂ ಕಾರಣ ಅನ್ನುವವರೂ ಇದ್ದಾರೆ. ಹಣದುಬ್ಬರ ಯಾವಾಗಲೂ, ಎಲ್ಲೆಲ್ಲೂ ಹಣದ ಸಂಗತಿಯೇ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರೀಡ್‌ಮನ್ ಮಾತು ಪ್ರಸಿದ್ಧ. ಅವರು ಆ ಉಪನ್ಯಾಸ ಕೊಟ್ಟದ್ದು ನಮ್ಮ ಮುಂಬೈಯಲ್ಲಿ, 1963ರ ಸುಮಾರಿಗೆ. ಹತ್ತಾರು ವರ್ಷಗಳ ಲೆಕ್ಕದಲ್ಲಿ ಅದರಲ್ಲಿ ಸತ್ಯ ಇದೆ. 2016ರಿಂದ ರಿಸರ್ವ್ ಬ್ಯಾಂಕಿಗೆ ಶೇ 4ರ ಗುರಿ ಇದೆ, ಎರಡು ಮೇಲೆ ಎರಡು ಕೆಳಗೆ ಹೋದರೆ ಪರವಾಗಿಲ್ಲ. ಅದಕ್ಕಾಗಿ 2022ರ ಮೇಯಿಂದ 2023ರ ಫೆಬ್ರುವರಿ ಹೊತ್ತಿಗೆ ರೆಪೊ ಬಡ್ಡಿಯನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 4ರಿಂದ 6.5ಕ್ಕೆ ಏರಿಸಿತು. ಬಡ್ಡಿ ಏರಿದರೆ ಬೈಕ್, ಮನೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಟೊಮೆಟೊ ಮಾತ್ರ ಬಡ್ಡಿ ನೋಡಿ ಕಾಯಿ ಬಿಡುವುದಿಲ್ಲ.

ಉಳಿದದ್ದು ನಿಮ್ಮ 40 ಚೀಲ. ಮುಂದಿನ ರೇಟ್ ಹೇಳುವ ಜ್ಯೋತಿಷ್ಯ ನನಗೆ ಬರುವುದಿಲ್ಲ. ಇಡುವ ಖರ್ಚು ಮಾತ್ರ ಹೇಳಬಲ್ಲೆ. 1,800ರಂತೆ 72,000 ರೂಪಾಯಿ ಮಾಲು. ಕೈಗಡ ತಿಂಗಳಿಗೆ ನೂರಕ್ಕೆ ಎರಡರಂತೆ ಇದ್ದರೆ ನಾಲ್ಕು ತಿಂಗಳಿಗೆ 5,760 ಬಡ್ಡಿ, ಚೀಲಕ್ಕೆ 144. ತೇವ ಶೇ 17ರಿಂದ 14ಕ್ಕೆ ಇಳಿದರೆ 75 ಕಿಲೋ ಚೀಲದಲ್ಲಿ 2.6 ಕಿಲೋ ತೂಕ ಹೋಗುತ್ತದೆ. ಎರಡೂ ಸೇರಿಸಿದರೆ ನಾಲ್ಕು ತಿಂಗಳ ನಂತರ ಚೀಲಕ್ಕೆ 2,015ರ ಹತ್ತಿರ ಸಿಕ್ಕರೆ ಮಾತ್ರ ಇವತ್ತು 1,800ಕ್ಕೆ ಮಾರಿದ್ದಕ್ಕೆ ಸಮ. ಇಲಿ, ಹುಳ, ಹಮಾಲಿ ಬೇರೆ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369, ಎ ಗ್ರೇಡಿಗೆ 2,389. ನಿಮ್ಮ ಚೀಲದ ಲೆಕ್ಕದಲ್ಲಿ 1,777ರಿಂದ 1,792. ಅಂದರೆ ವ್ಯಾಪಾರಿ ಕೇಳುತ್ತಿರುವ 1,800 ಆ ಗೆರೆಯ ಮೇಲೆಯೇ ನಿಂತಿದೆ. ಖರೀದಿ ಕೇಂದ್ರ ತೆರೆದು, ಶೇ 17ರೊಳಗೆ ತೇವ ಇದ್ದು, ಸಾಲಿನಲ್ಲಿ ನಿಮ್ಮ ಪಾಳಿ ಬಂದರೆ ಅದಕ್ಕಿಂತ ಕೆಳಗೆ ಹೋಗುವ ಭಯ ಕಡಿಮೆ. ಆ ಮೂರರಲ್ಲಿ ಒಂದು ತಪ್ಪಿದರೂ ಗೆರೆ ಕಾಗದದ ಮೇಲೆಯೇ ಉಳಿಯುತ್ತದೆ.

ಕೈಗಡ ಇದ್ದರೆ ಸಾಲದಷ್ಟು ಚೀಲ ಈಗಲೇ ಮಾರಿ, ಮೊದಲು ಆ ಬಡ್ಡಿ ನಿಲ್ಲಿಸಿ. ಉಳಿದದ್ದರಲ್ಲಿ ಹತ್ತು ಚೀಲವನ್ನಾದರೂ ಮಾರಬೇಡಿ. ಮಿಲ್ಲಿಗೆ ಹಾಕಿಸಿ ಅಕ್ಕಿ ಮಾಡಿಸಿ ಖಾನಾವಳಿಗೇ ಇಡಿ. ಸುಮಾರು ಐದು ಕ್ವಿಂಟಲ್ ಅಕ್ಕಿ, ನಿಮ್ಮ 150 ಗ್ರಾಂ ಲೆಕ್ಕದಲ್ಲಿ 3,300 ಊಟ. ಮುಂದಿನ ವರ್ಷ ಅದು ಹಳೆ ಅಕ್ಕಿ ಆಗಿರುತ್ತದೆ, ಅಂಗಡಿಯವನು ಅದಕ್ಕೆ ಎಷ್ಟು ಕೇಳುತ್ತಾನೋ ನೋಡಿ.